ಹದಿನಾರು ಗ್ರಾಂ

ಅಕ್ಕಿಯನ್ನು ಬೇಯಿಸುವುದಕ್ಕಲ್ಲದೆ ಬೇರೆ ಯಾವುದಕ್ಕಾದರೂ ಬಳಸಬಹುದು ಎಂದು ಪುಸ್ತಕ ಕಟ್ಟುವ ಬೈಂಡಿಂಗಕ್ಕನಿಗೆ ಐವತ್ತೊಂದು ವರ್ಷ ಯಾರೂ ಹೇಳಿರಲಿಲ್ಲ. ಹೇಳಿದವರು ಡಾಕ್ಟರಮ್ಮ, ಅದೂ ಕಾಗದದ ಮೇಲೆ ಬರೆದು. ಅಳತೆ ಲೋಟದಲ್ಲಿ ಅಕ್ಕಿ ಅಳೆಯಬೇಕಂತೆ. ತೆಳು ಬಟ್ಟೆಯ ಎರಡು ಚೀಲಗಳಲ್ಲಿ ತುಂಬಿ ಬಾಯಿ ಹೊಲಿಯಬೇಕಂತೆ. ಅವನ್ನು ಬ್ರಾ ಒಳಗೆ ಇಟ್ಟುಕೊಂಡು ಒಂದು ವಾರ ಎಂದಿನ ಕೆಲಸವನ್ನೆಲ್ಲ ಮಾಡಿ, ಹೆಚ್ಚು ಕಡಿಮೆ ಮಾಡಿ ನೋಡಿ, ಯಾವ ಗಾತ್ರ ತನ್ನದು ಅನ್ನಿಸುತ್ತದೋ ಅದನ್ನು ಮುಂದಿನ ಶುಕ್ರವಾರ ಬಂದು ಹೇಳಬೇಕಂತೆ.

ಒಂಬತ್ತು ವರ್ಷದ ಹಿಂದೆ ಕ್ಯಾನ್ಸರ್ ಬಂದು ಅವಳ ಎರಡೂ ಸ್ತನಗಳನ್ನು ತೆಗೆದಿದ್ದರು. ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟಿದ್ದರು. ವರ್ಷ ಕಳೆದಂತೆ ಅವುಗಳ ಸುತ್ತ ಗಂಟು ಕಟ್ಟಿಕೊಂಡು, ಎಡಗಡೆಯದಂತೂ ಕಲ್ಲಾಗಿ, ನೋವು ತಡೆಯಲಾರದೆ ಮೂರು ತಿಂಗಳ ಹಿಂದೆ ಎರಡನ್ನೂ ತೆಗೆಸಬೇಕಾಯಿತು. ಗಾಯ ಮಾಗಿತ್ತು. ಎದೆ ಈಗ ಇಸ್ತ್ರಿ ಮಾಡಿದ ಹಾಗೆ ಸಪಾಟು. ಬರುವ ತಿಂಗಳು ಹೊಸವನ್ನು ಇಡುತ್ತಾರೆ. ಎಷ್ಟು ದೊಡ್ಡವು ಎಂಬುದನ್ನು ಮಾತ್ರ ಅವಳೇ ಹೇಳಬೇಕು.

"ಇಡಿಸಿಕೊಳ್ಳದೇ ಇರೋದೂ ಒಂದು ದಾರಿ. ಬಲವಂತ ಇಲ್ಲ," ಎಂದಿದ್ದರು ಡಾಕ್ಟರಮ್ಮ.

"ಬೇಕು ಡಾಕ್ಟ್ರೇ. ಕನ್ನಡಿ ಮುಂದೆ ನಿಂತಾಗ ನನಗೆ ನಾನು ಸಿಗಬೇಕು."

"ಸರಿ. ಆದ್ರೆ ಹೋದ ಸಲ ನಿಮ್ಮ ಎದೆಗೂಡಿಗೆ ತೀರಾ ದೊಡ್ಡದಾಯ್ತು ನೋಡಿ. ಯಾರು ಆರಿಸಿದ್ದು?"

"ನಾನೇ," ಎಂದಳು ಬೈಂಡಿಂಗಕ್ಕ. ಹೇಳಿ ನಾಲಿಗೆ ಕಚ್ಚಿಕೊಂಡಳು, ಯಾಕೆಂದರೆ ಅದು ಅರ್ಧ ಮಾತ್ರ ನಿಜ.

ಒಂಬತ್ತು ವರ್ಷದ ಹಿಂದೆ ಬೇರೊಬ್ಬ ಡಾಕ್ಟರು ಮೇಜಿನ ಮೇಲೆ ಮೂರು ಮಾದರಿಗಳನ್ನು ಸಾಲಾಗಿ ಇಟ್ಟು, "ಯಾವುದು?" ಎಂದು ಕೇಳಿದ್ದರು. ಅವಳಿಗೆ ಆಗ ಬದುಕಿದರೆ ಸಾಕಾಗಿತ್ತು. ಗಾತ್ರದ ಚಿಂತೆ ಯಾರಿಗಿತ್ತು? ಪಕ್ಕದಲ್ಲಿ ಕೂತಿದ್ದ ಗಂಡನ ಮುಖ ನೋಡಿದಳು. ಅವನ ಕಣ್ಣು ಎಲ್ಲಕ್ಕಿಂತ ದೊಡ್ಡದರ ಮೇಲೆ ನೆಟ್ಟಿತ್ತು. ಓಹೋ, ಹಾಗೋ ಎಂದುಕೊಂಡು ಅವಳು ಅದನ್ನೇ ತೋರಿಸಿದಳು. ಅರ್ಧ ನಿಮಿಷದ ಕೆಲಸ, ಒಂಬತ್ತು ವರ್ಷದ ಹೊರೆ.

ಹೊರೆ ಎಂದರೆ ಬರಿಯ ಮಾತಿಗಲ್ಲ. ಪುಸ್ತಕ ಕಟ್ಟುವವರಿಗೆ ಎದೆಯೂ ಒಂದು ಉಪಕರಣ. ಅಚ್ಚಾದ ಹಾಳೆಗಳನ್ನು ಮಡಿಚಿದ ಫಾರಂಗಳನ್ನು ಕ್ರಮವಾಗಿ ಜೋಡಿಸಿ, ಕಟ್ಟನ್ನು ಎದೆಗೆ ಒತ್ತಿ ಹಿಡಿದು, ಗಲ್ಲ ಊರಿ, ಎರಡೂ ಕೈಯಿಂದ ಬದಿ ತಟ್ಟಿದರೆ ಹಾಳೆಗಳು ಹೇಳಿದ ಮಾತು ಕೇಳುತ್ತವೆ. ಆಮೇಲೆ ಸೂಜಿ, ದಾರ, ಅಂಟು, ರಟ್ಟು. ಇಪ್ಪತ್ತು ವರ್ಷ ಹಾಗೆ ಕಟ್ಟಿದವಳು ಸಿಲಿಕೋನ್ ಬಂದ ಮೇಲೆ ಕಟ್ಟನ್ನು ಸೊಂಟಕ್ಕೆ ಆನಿಸಿಕೊಳ್ಳುವುದನ್ನು ಕಲಿತಳು. ಸೊಂಟ ಎಷ್ಟೆಂದರೂ ಸೊಂಟವೇ. ಹಾಳೆಗಳು ವಾರೆಯಾಗುತ್ತಿದ್ದವು, ಬೆನ್ನು ಬಾಗುತ್ತಿತ್ತು, ಸಂಜೆಯ ಹೊತ್ತಿಗೆ ಭುಜ ಕಿತ್ತು ಬರುತ್ತಿತ್ತು. ಗಂಡನಿಗಾಗಿ ತಾನೇ ಎಂದು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಳು.

ಗಂಡ ತಕ್ಕಡಿ ರಿಪೇರಿ ಮಾಡುವವನು. ಅಂಗಡಿ, ಗೋದಾಮು, ಔಷಧದ ಮಳಿಗೆ, ಎಲ್ಲರ ತಕ್ಕಡಿಗಳೂ ಅವನ ಕೈಯಿಂದಲೇ ಸರಿಯಾಗಿ ಹೋಗಬೇಕು. ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಬಿಡುವ ಆಸಾಮಿಯಲ್ಲ. ಅದಕ್ಕೇ ಬೀದಿಯವರು ಅವನಿಗೆ ಗುಲಗಂಜಿ ಎಂದು ಹೆಸರಿಟ್ಟಿದ್ದರು. ಮಾತನ್ನೂ ಅವನು ಗುಲಗಂಜಿ ಲೆಕ್ಕದಲ್ಲೇ ಖರ್ಚು ಮಾಡುತ್ತಿದ್ದ. "ಹುಂ" ಎಂದರೆ ಆಯಿತು, "ಹೂಂ" ಎಂದರೆ ನೋಡೋಣ, ಏನೂ ಅನ್ನದಿದ್ದರೆ ಏನೋ ಇದೆ ಎಂದು ಅರ್ಥ.

ಡಾಕ್ಟರಮ್ಮನ ಕಾಗದವನ್ನು ಅವಳು ಅವನ ಕೆಲಸದ ಮೇಜಿನ ಮೇಲೆ ಇಟ್ಟು, ಒಲೆಯ ಮೇಲೆ ಏನೋ ಸೀದುಹೋಗುತ್ತಿದೆಯೇನೋ ಎಂಬಂತೆ ಒಳಗೆ ಓಡಿದಳು. ಇಪ್ಪತ್ತೇಳು ವರ್ಷ ಸಂಸಾರ ಮಾಡಿಯೂ ಕೆಲವು ಮಾತು ಬಾಯಿಗೆ ಬರುವುದಿಲ್ಲ. ಅವನು ಎರಡು ಸಲ ಓದಿ "ಹುಂ" ಎಂದ. ಮರುದಿನ ಬೆಳಿಗ್ಗೆ ಅವಳ ದಿಂಬಿನ ಪಕ್ಕದಲ್ಲಿ ಎರಡು ಚೀಲಗಳಿದ್ದವು. ಹೊಲಿಗೆ ಎಷ್ಟು ಸಣ್ಣದೆಂದರೆ, ಹೊಲಿಗೆಯಲ್ಲೇ ಅನ್ನ ಕಂಡ ಬೈಂಡಿಂಗಕ್ಕನಿಗೇ ನಾಚಿಕೆಯಾಗಬೇಕು.

ಇಟ್ಟುಕೊಂಡು ನೋಡಿದಳು. ದೊಡ್ಡವು. ಅಂದರೆ ಈ ಸಲವೂ ಅವನ ಆಸೆ ಅದೇ. ಹೆಚ್ಚು ಕಡಿಮೆ ಮಾಡಿ ನೋಡಿ ಎಂದು ಕಾಗದದಲ್ಲಿ ಇದ್ದರೂ, ಅವನು ಹೊಲಿದುಕೊಟ್ಟ ಚೀಲದ ಬಾಯಿ ಬಿಚ್ಚಲು ಅವಳಿಗೆ ಮನಸ್ಸು ಬರಲಿಲ್ಲ.

ಒಂದು ವಾರ ಹೊತ್ತಳು. ಬೈಂಡಿಂಗ್ ಅಂಗಡಿಯಲ್ಲಿ ಆಗ ಶಾಲೆಯೊಂದರ ನಿಘಂಟುಗಳ ಕೆಲಸ ನಡೆದಿತ್ತು. ಒಂದೊಂದೂ ಗೋಡೆಗೆ ಇಡುವ ಇಟ್ಟಿಗೆಯಷ್ಟು ದಪ್ಪ. ಕಟ್ಟನ್ನು ಎದೆಗೆ ಒತ್ತಿದರೆ ಅಕ್ಕಿ ಚೀಲ ಅತ್ತ ಸರಿಯುತ್ತಿತ್ತು, ಕಟ್ಟು ಇತ್ತ ಜಾರುತ್ತಿತ್ತು. ಮತ್ತೆ ಸೊಂಟವೇ ಗತಿಯಾಯಿತು. ನಡುವೆ ಒಂದು ದಿನ ಗಂಡನ ಅಕ್ಕ ಮನೆಗೆ ಬಂದು, ಮೇಲಿಂದ ಕೆಳಗೆ ನೋಡಿ ಮೂಗು ಮುರಿದಳು. "ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತಮ್ಮಾ? ಯಾರಿಗೆ ತೋರಿಸೋಕೆ?"

"ನಿಮಗೇ ಅತ್ತಿಗೆ. ಚೆನ್ನಾಗಿದೆಯಾ ಹೇಳಿ," ಎಂದು ಅವಳ ಬಾಯಿಗೆ ಬೀಗ ಹಾಕಿದಳು ಬೈಂಡಿಂಗಕ್ಕ. ಅತ್ತಿಗೆಯನ್ನು ಸುಮ್ಮನಾಗಿಸುವುದು ಸುಲಭ. ಗಂಡನನ್ನು ಮಾತಾಡಿಸುವುದೇ ಕಷ್ಟ.

ಗುರುವಾರ ಸಂಜೆ ಮನೆಗೆ ಬರುವಾಗ ತೀರ್ಮಾನ ಮಾಡಿಯೇ ಬಂದಿದ್ದಳು. ನಾಳೆ ಡಾಕ್ಟರಮ್ಮನಿಗೆ ದೊಡ್ಡದನ್ನೇ ತೋರಿಸುವುದು. ಒಂಬತ್ತು ವರ್ಷ ಹೊತ್ತಾಗಿದೆ, ಇನ್ನಷ್ಟು ಹೊರೋಣ. ಅಷ್ಟು ಅಂದುಕೊಂಡಾಗ ಅಳು ಬಂತು. ಕೋಣೆಗೆ ಹೋಗಿ ಚೀಲಗಳನ್ನು ಹೊರಗೆ ತೆಗೆದಳು, ಒಂದೊಂದು ಅಂಗೈಯಲ್ಲಿ ಒಂದೊಂದು. ಒಂದು ಹಾಳೆ ಹೆಚ್ಚಾದರೆ ಕಣ್ಣು ಮುಚ್ಚಿ ಹೇಳುವ ಕೈಗಳು ಅವು. ವಾರವೆಲ್ಲ ತೊಟ್ಟು ಬಿಚ್ಚುವ ಗಡಿಬಿಡಿಯಲ್ಲಿ ಗಮನಿಸದಿದ್ದುದು ಈಗ ಅವಕ್ಕೆ ತಿಳಿಯಿತು. ಎಡಗಡೆಯದು ಭಾರ.

ಬಂದ ಅಳು ಹಾಗೇ ಸಿಟ್ಟಾಗಿ ತಿರುಗಿತು. ಪರವೂರಿನ ಅಂಗಡಿಯವನ ಒಂದು ಗ್ರಾಮಿಗೆ ಊಟ ಬಿಟ್ಟು ಕೂರುವ ಮನುಷ್ಯ ಕಟ್ಟಿಕೊಂಡ ಹೆಂಡತಿಗೆ ತಪ್ಪು ತೂಕ ಕೊಡುವುದೇ? ನೆಟ್ಟಗೆ ಅವನ ಮೇಜಿಗೆ ಹೋಗಿ, ಅವನು ಆಗಷ್ಟೇ ಒರೆಸಿಟ್ಟಿದ್ದ ಎರಡು ತಟ್ಟೆಯ ತಕ್ಕಡಿಯ ಮೇಲೆ ಚೀಲಗಳನ್ನು ಧೊಪ್ಪೆಂದು ಹಾಕಿದಳು. ಎಡ ಕೆಳಗಿಳಿಯಿತು, ಬಲ ಮೇಲೇರಿತು. ಪಕ್ಕದ ಪೆಟ್ಟಿಗೆಯಿಂದ ಹಿತ್ತಾಳೆಯ ಸಣ್ಣ ಬಟ್ಟುಗಳನ್ನು ತೆಗೆದು ಬಲಕ್ಕೆ ಇಡುತ್ತಾ ಹೋದಳು. ಹತ್ತು. ಐದು. ಒಂದು. ಮುಳ್ಳು ನೆಟ್ಟಗಾಯಿತು.

"ಹದಿನಾರು ಗ್ರಾಂ ವ್ಯತ್ಯಾಸ! ಏನ್ರೀ ಇದು? ನನ್ನದು ಅಂದ್ರೆ ಹೇಗಿದ್ರೂ ನಡೆಯುತ್ತಾ?"

ಗುಲಗಂಜಿ ತಕ್ಕಡಿಯ ಕಡೆ ನೋಡಲೇ ಇಲ್ಲ.

"ಸರಿಯಾಗಿದೆ ಅದು," ಎಂದ. "ಎಡ ನಾನೂರ ಹನ್ನೆರಡು. ಬಲ ಮುನ್ನೂರ ತೊಂಬತ್ತಾರು."

"ಡಾಕ್ಟ್ರು ಲೋಟದಲ್ಲಿ ಅಳೀರಿ ಅಂತ ಬರೆದಿದ್ರು. ತೂಕ ಯಾರು ಕೇಳಿದ್ರು? ಯಾರದು ಈ ತೂಕ?"

"ನಿಂದು."

ಅವಳಿಗೆ ಅರ್ಥವಾಗಲಿಲ್ಲ.

"ಆವಾಗ ಆಪರೇಷನ್ ಆದ್ಮೇಲೆ ರಿಪೋರ್ಟ್ ಕೊಟ್ರಲ್ಲ. ತೆಗೆದಿದ್ದು ಎಷ್ಟೆಷ್ಟು ಅಂತ ಅದ್ರಲ್ಲಿ ಬರೆದಿತ್ತು."

ಆ ರಿಪೋರ್ಟನ್ನು ಅವಳು ಇವತ್ತಿನವರೆಗೆ ಬಿಡಿಸಿ ನೋಡಿರಲಿಲ್ಲ. ಬೀರುವಿನ ತಳದಲ್ಲಿ ಎಲ್ಲೋ ಇತ್ತು. ಅದರಲ್ಲಿ ತೂಕ ಇರುತ್ತದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಎಡ ಒಂಚೂರು ಹೆಚ್ಚು ಎಂಬುದು ಮಾತ್ರ ಗೊತ್ತಿತ್ತು. ದರ್ಜಿ ಪ್ರತಿ ಸಲ ಎಡಗಡೆ ಅರ್ಧ ಬೆರಳು ಬಟ್ಟೆ ಜಾಸ್ತಿ ಬಿಡುತ್ತಿದ್ದಳು.

"ಒಂಬತ್ತು ವರ್ಷ ನೆನಪಿಟ್ಕೊಂಡಿದ್ರಾ?"

"ಮರೀಬೇಕು ಅಂತ ನೋಡಿದೆ. ಅಂಕಿ ಅಲ್ವಾ, ಹೋಗ್ಲಿಲ್ಲ."

ಅವಳು ಸ್ಟೂಲ್ ಎಳೆದು ಕೂತಳು. ಸಿಟ್ಟು ಎಲ್ಲಿಗೆ ಹೋಯಿತೋ. "ಅಂದ್ರೆ ನಿಮಗೆ ಮೊದಲಿದ್ದಷ್ಟೇ ಬೇಕು."

"ನನಗಾ?" ಅವನು ನಿಜವಾಗಿ ಬೆಚ್ಚಿದ. "ನಿನಗೆ ಬೇಕು ಅಂದ್ಕೊಂಡೆ ಕಣೆ. ಹೋದ ಸಲ ದೊಡ್ಡದನ್ನೇ ತೋರಿಸಿದ್ಯಲ್ಲ! ಹೋಗಿದ್ದೆಲ್ಲ ವಾಪಸ್ ಬರಲಿ ಅಂತಿದಾಳೆ, ಪಾಪ, ನಾನ್ಯಾಕೆ ಅಡ್ಡ ಬರ್ಲಿ ಅಂತ ಸುಮ್ಮನಿದ್ದೆ. ಈ ಸಲ ಸರಿಯಾದ ಲೆಕ್ಕದಲ್ಲಾದ್ರೂ ಸಿಗ್ಲಿ ಅಂತ ಇದನ್ನ ಮಾಡ್ದೆ."

"ಅಯ್ಯೋ ದೇವರೇ! ನೀವು ಅದನ್ನೇ ನೋಡ್ತಿದ್ರಿ ರೀ! ಕಣ್ಣು ಕೀಳದೆ ನೋಡ್ತಿದ್ರಿ! ಅದಕ್ಕೇ ನಾನು ಅದನ್ನ ತೋರಿಸಿದ್ದು!"

"ನೋಡ್ತಿದ್ದೆ ನಿಜ," ಎಂದ ಗುಲಗಂಜಿ. ಅವನ ಕಿವಿ ಕೆಂಪಾಯಿತು. "ತೂಕ ಎಷ್ಟಿರಬಹುದು ಅಂತ ನೋಡ್ತಿದ್ದೆ."

ಬೈಂಡಿಂಗಕ್ಕನಿಗೆ ನಗು ಬಂತು. ಎಂಥ ನಗು ಎಂದರೆ ಹೊಟ್ಟೆ ಹಿಡಿದುಕೊಂಡು, ಮೇಜಿಗೆ ತಲೆ ಆನಿಸಿ, ಹಿತ್ತಾಳೆ ಬಟ್ಟುಗಳು ಉರುಳಿ ಬೀಳುವಷ್ಟು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ.

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

"ನೀನೂ ಕೇಳ್ಲಿಲ್ಲ."

ಅದೂ ನಿಜವೇ. ಇಪ್ಪತ್ತೇಳು ವರ್ಷದಲ್ಲಿ ಅವನ ಮುಖ ನೋಡಿ ಎಲ್ಲವನ್ನೂ ತಿಳಿದುಕೊಂಡೆ ಎಂಬ ಜಂಬ ಅವಳಿಗಿತ್ತು. ಆ ಜಂಬಕ್ಕೆ ತೆತ್ತದ್ದು ಅವಳ ಬೆನ್ನು.

ಅವನು ತಟ್ಟೆಗಳಿಂದ ಚೀಲಗಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. "ಇವನ್ನ ಹೊಲಿದ ದಿನ ಸುಮಾರು ಹೊತ್ತು ಹೀಗೇ ಹಿಡ್ಕೊಂಡು ಕೂತಿದ್ದೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದ್ದು ನಾನಲ್ವಾ. ಎಷ್ಟು ಹೋಯ್ತು ಅಂತ ಓದಿದ್ದೆ, ಕೈಗೆ ಗೊತ್ತಿರಲಿಲ್ಲ. ಒಂದ್ಸಲ ಗೊತ್ತಾಗ್ಬೇಕಿತ್ತು."

ಒಂದೇ ಸಂಜೆ ಅಷ್ಟೊಂದು ಮಾತನ್ನು ಅವನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಕಳೆದುಕೊಂಡವಳು ತಾನೊಬ್ಬಳೇ ಎಂದು ಒಂಬತ್ತು ವರ್ಷ ತಿಳಿದಿದ್ದಳು. ಅವನು ಗ್ರಾಂ ಲೆಕ್ಕದಲ್ಲಿ ಕಳೆದುಕೊಂಡು, ಆ ಲೆಕ್ಕವನ್ನು ಯಾರಿಗೂ ಹೇಳದೆ, ಬೇರೆಯವರ ತಕ್ಕಡಿ ಸರಿಮಾಡುತ್ತಾ ಇದ್ದ. ಅವಳಿಗೆ ಅವನ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಎದ್ದು ಅವನ ತಲೆಯನ್ನು ತನ್ನ ಸಪಾಟು ಎದೆಗೆ ಒತ್ತಿಕೊಂಡಳು. ಕಲ್ಲು ಇರಲಿಲ್ಲ, ನೋವೂ ಇರಲಿಲ್ಲ.

ಆಮೇಲೆ ಮೂಗು ಒರೆಸಿಕೊಂಡು ಕೆಲಸಕ್ಕೆ ಇಳಿದಳು. ತನ್ನ ಕೆಲಸದ ಕೈಚೀಲದಿಂದ ಕತ್ತರಿ ತೆಗೆದು ಅವನ ಸಣ್ಣ ಹೊಲಿಗೆಯನ್ನು ಬಿಚ್ಚಿದಳು. ನಾಳೆಗೆಂದು ಮನೆಗೆ ತಂದಿದ್ದ ನಿಘಂಟಿನ ಫಾರಂಗಳನ್ನು ಮೇಜಿನ ಮೇಲೆ ಇಟ್ಟಳು. "ಒಂದು ಬಟ್ಟಲು ತನ್ನಿ, ಒಂದು ಚಮಚ ತನ್ನಿ. ನಾನು ಹೇಳಿದಾಗ ಒಂದೊಂದು ಚಮಚ ತೆಗೀರಿ. ತೂಕ ಮಾತ್ರ ನೋಡಬೇಡಿ."

"ನೋಡದೆ ಹೇಗೆ?" ಎಂದ ಅವನು, ನೀರು ಬಿಟ್ಟು ಬಾ ಎನ್ನಿಸಿಕೊಂಡ ಮೀನಿನ ಹಾಗೆ.

ಅವಳು ಟವೆಲ್ ತೆಗೆದು ತಕ್ಕಡಿಯ ಮೇಲೆ ಮುಸುಕು ಹಾಕಿದಳು. "ಹೀಗೆ."

ಬಾಯಿ ಮಡಿಚಿ ಚೀಲ ಇಟ್ಟುಕೊಂಡಳು, ಕಟ್ಟನ್ನು ಎದೆಗೆ ಒತ್ತಿದಳು, ತಟ್ಟಿದಳು. ಜಾರಿತು. "ತೆಗೀರಿ." ಮತ್ತೆ ಒತ್ತಿದಳು. "ಇನ್ನೊಂದು. ಆ ಕಡೆಯದ್ರಲ್ಲೂ." ಅವನು ಚಮಚವನ್ನು ಔಷಧ ಅಳೆಯುವವನಂತೆ ಹಿಡಿದಿದ್ದ. ಬಟ್ಟಲಿನಲ್ಲಿ ಅಕ್ಕಿ ಏರುತ್ತಾ ಹೋಯಿತು. ಎಷ್ಟೋ ಸಲದ ಮೇಲೆ ಕಟ್ಟು ಎದೆಗೆ ಬಂದು ಕೂತಿತು, ಮೊದಲು ಕೂರುತ್ತಿದ್ದ ಹಾಗೆಯೇ ಅಲ್ಲ, ಆದರೆ ನೆಮ್ಮದಿಯಾಗಿ. ಗಲ್ಲ ಊರಿ ಬದಿ ತಟ್ಟಿದಳು. ಹಾಳೆಗಳೆಲ್ಲ ಒಂದೇ ಗೆರೆಗೆ ಬಂದವು.

"ಸಾಕು," ಎಂದಳು.

ಬೀರುವಿನ ಕನ್ನಡಿಯ ಮುಂದೆ ಹೋಗಿ ನಿಂತಳು. ಮುಂದಿನಿಂದ ನೋಡಿದಳು, ಪಕ್ಕಕ್ಕೆ ತಿರುಗಿ ನೋಡಿದಳು. ಚಿಕ್ಕವು. ಹುಡುಗಿಯಾಗಿದ್ದಾಗಲೂ ಇಷ್ಟು ಚಿಕ್ಕವಿರಲಿಲ್ಲ. ಆದರೂ ಕನ್ನಡಿಯಲ್ಲಿದ್ದವಳ ಗುರುತು ಅವಳಿಗೆ ತಕ್ಷಣ ಸಿಕ್ಕಿತು. ಹಿಂದಿನಿಂದ ಗಂಡ ಗಂಟಲು ಸರಿಮಾಡಿಕೊಂಡ.

"ಎರಡರ ಮಧ್ಯೆ ಹದಿನಾರು ಗ್ರಾಂ ಬಿಡಬೇಕಾ?"

"ಬೇಡ ರೀ. ಇನ್ನಾದ್ರೂ ಜೊತೆಜೊತೆಗೆ ಇರಲಿ."

ಉಳಿದ ಅಕ್ಕಿಯ ಬಟ್ಟಲನ್ನು ಹಿಡಿದು ಅವನು ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದ. ಅವಳು ಹೋಗಿ ಅಕ್ಕಿ ಡಬ್ಬದ ಮುಚ್ಚಳ ತೆಗೆದು, "ಹಾಕಿ" ಎಂದಳು. ಅವನು ಸ್ವಲ್ಪ ಹೊತ್ತು ತಡೆದು ಬಗ್ಗಿಸಿದ. ಡಬ್ಬದ ಅಕ್ಕಿಯೊಳಗೆ ಅದು ಬೆರೆತುಹೋಯಿತು.

ಶುಕ್ರವಾರ ಬೆಳಿಗ್ಗೆ ಒಂದು ಚೀಲದಲ್ಲಿದ್ದುದನ್ನು ಅವಳೇ ಅಳತೆ ಲೋಟಕ್ಕೆ ಸುರಿದು ನೋಡಿದಳು. ಇನ್ನೂರು ಮಿಲಿಲೀಟರ್ ಗೆರೆಗಿಂತ ಕೂದಲೆಳೆ ಮೇಲೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾದರಿಗಳ ತಟ್ಟೆಯನ್ನು ಮೇಜಿನ ಮೇಲೆ ಇಟ್ಟದ್ದೇ ತಡ, ಗುಲಗಂಜಿ ದಡಕ್ಕನೆ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ. ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರವಿತ್ತು. ಅದನ್ನು ಪರೀಕ್ಷೆಗೆ ಓದುವವನಂತೆ ಓದತೊಡಗಿದ.

"ಯಾಕೆ, ಇವರಿಗೆ ಏನಾಯ್ತು?" ಎಂದರು ಡಾಕ್ಟರಮ್ಮ.

"ಏನಿಲ್ಲ ಡಾಕ್ಟ್ರೇ. ಅವರ ಕಣ್ಣು ಎಲ್ಲಿ ಬೀಳುತ್ತೋ ನಾನು ಅದನ್ನೇ ತಗೊಂಡ್ಬಿಡ್ತೀನಿ ಅಂತ ಭಯ ಅವರಿಗೆ." ಅವಳು ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕದನ್ನು ಎತ್ತಿಕೊಂಡಳು. "ಇದು. ನನಗೆ ಇದು."

ಡಾಕ್ಟರಮ್ಮ ಬರೆದುಕೊಂಡರು. ಬರೆದು ಮುಗಿಸುವವರೆಗೆ ಕಾದು ಅವಳು ಕರೆದಳು. "ಆಯ್ತು, ಈಗ ತಿರುಗಿ ರೀ."

ಅವನು ತಿರುಗಿದ. ತಟ್ಟೆಯ ಕಡೆ ಕಣ್ಣು ಹಾಯಿಸದೆ ಅವಳ ಮುಖವನ್ನೇ ನೋಡಿದ. ಅವಳು ಆ ಮಾದರಿಯನ್ನು ಅವನ ಅಂಗೈಯಲ್ಲಿಟ್ಟು, "ತೂಕ ಹೇಳಿ ನೋಡೋಣ," ಎಂದಳು. ಅವನು ಕಣ್ಣು ಮುಚ್ಚಿಕೊಂಡ. ಬೆರಳುಗಳು ಅಭ್ಯಾಸದಂತೆ ಒಮ್ಮೆ ಮೇಲೆ ಕೆಳಗೆ ಆಡಿದವು. ತುಟಿ ಇನ್ನೇನು ಅಂಕಿ ಹೇಳಬೇಕು ಎಂಬಲ್ಲಿಗೆ ಬಂದು ನಿಂತಿತು.

"ಹಗುರ ಇದೆ," ಎಂದ ಗುಲಗಂಜಿ. ಅಷ್ಟು ಹೇಳಿ ಅದನ್ನು ಅವಳ ಕೈಗೆ ವಾಪಸ್ ಕೊಟ್ಟ.