ಕೊನೆಯ ಐದಕ್ಷರ

ಐದಕ್ಷರ, ಅಷ್ಟು ಮಾತ್ರ ಖಚಿತ. ಲೋಹಿತಾ ಕೊನೆಯದಾಗಿ ಆಡಿದ್ದು ಐದೇ ಅಕ್ಷರ. ಹೆಬ್ಬೆರಳು ಕಿರುಬೆರಳಿನಿಂದ ಹೊರಟು ಐದು ಗೆಣ್ಣು ದಾಟಿ ನಿಂತದ್ದು ನಾಗಭೂಷಣನಿಗೆ ಇನ್ನೂ ನೆನಪಿದೆ. ಏನಂದಳು ಅನ್ನುವುದು ನೆನಪಿಲ್ಲ.

ಅವತ್ತು ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ಮೂರು ಸಾಲಿನ ಹಾಯ್ಕು ಪದ್ಯ ಬರೆಯುತ್ತಿದ್ದ. ಐದಕ್ಷರದ ಸಾಲು, ಏಳಕ್ಷರದ ಸಾಲು ಆಗಿತ್ತು. ಮೂರನೆಯ ಸಾಲಿನ ಐದಕ್ಷರ ಸತಾಯಿಸುತ್ತಿತ್ತು. ಆಗ ಹೆಂಡತಿ ಏನೋ ಅಂದಳು. ಬೆರಳು ತಾನಾಗಿ ಎಣಿಸಿತು. ಸರಿಯಾಗಿ ಐದು! ಖುಷಿಯಲ್ಲಿ ಹ್ಞೂಂ ಅಂದ. ತಲೆಯೆತ್ತುವಷ್ಟರಲ್ಲಿ ಅವಳು ಗೋಡೆಯ ಕಡೆ ಹೊರಳಿದ್ದಳು. ಸಂಜೆಗೆ ಎಲ್ಲ ಮುಗಿಯಿತು.

ಪದ್ಯವನ್ನು ಕಿವಿಯಿಂದ ಓದಬೇಕು ಅಂತ ಮಧುಗಿರಿ ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಪಾಠ ಮಾಡುತ್ತಿದ್ದ ಮಹಾನುಭಾವ ಇವನೇ.

ಇವತ್ತು ಹನ್ನೊಂದನೆಯ ದಿನ. ಬಡವನಹಳ್ಳಿಯಿಂದ ಬಂದ ಅತ್ತೆ ಶಿವರುದ್ರಮ್ಮ ಬೆಳಿಗ್ಗೆಯೇ ಅಡುಗೆಮನೆ ಬಾಗಿಲಲ್ಲಿ ಹಿಡಿದು ನಿಲ್ಲಿಸಿದರು. ಸತ್ತವರು ಕೊನೆಗೆ ಬಯಸಿದ್ದನ್ನು ಎಡೆಗೆ ಇಡದಿದ್ದರೆ ಜೀವ ಹೊಸ್ತಿಲಲ್ಲೇ ನಿಲ್ಲುತ್ತದೆ ಅಂತ ಅವರ ನಂಬಿಕೆ.

"ನನ್ ಮಗ್ಳು ಕೊನೇಗೆ ಏನ್ ಕೇಳಿದ್ಲಪ್ಪಾ? ಹತ್ರ ಇದ್ದಿದ್ದು ನೀವೊಬ್ರೇ ಅಲ್ವಾ."

ಬೆನ್ನ ಹಿಂದೆ ಅವನ ಹೆಬ್ಬೆರಳು ಓಡಾಡಿತು.

"ಹೋಳಿಗೆ ಸಾರು," ಅಂದ. ಲೆಕ್ಕ ಸರಿಹೋಯಿತು.

ಅತ್ತೆ ಅವನ ಮುಖವನ್ನೇ ನೋಡಿದರು. "ಅದ್ನ ಬಾಯ್ಗೇ ಇಕ್ತಿರ್ಲಿಲ್ವಲ್ಲ ಅವ್ಳು," ಅಂದು, ಕಣ್ಣೊರೆಸಿಕೊಂಡು ಬೇಳೆ ಬೇಯಿಸಲು ಹೋದರು. ನಂಬಿಬಿಟ್ಟಿದ್ದರು. ನಾಲ್ಕು ಮಾತು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಮಧ್ಯಾಹ್ನದವರೆಗೂ ಬೆರಳು ಸುಮ್ಮನಿರಲಿಲ್ಲ. ಬಾಯಾರತೈತೆ. ಐದು. ಭಯ ಆಗ್ತೈತೆ. ಅದೂ ಐದು. ಇಲ್ಲೇ ಕೂತ್ಕೊಳ್ರೀ. ಅದಕ್ಕೂ ಐದೇ. ಎಲ್ಲವೂ ಅವಳ ದನಿಯಲ್ಲೇ ಕೇಳಿದವು. ಯಾವುದನ್ನೇ ಕೇಳಿದ್ದಿರಲಿ, ಕೊಡಲಾಗದ್ದು ಯಾವುದೂ ಇರಲಿಲ್ಲ. ಒಂದು ಲೋಟ ನೀರು, ಒಂದು ಕೈ, ಒಂದು ಗಳಿಗೆ. ಹಿತ್ತಲಿಗೆ ಹೋಗಿ ಬಾಯಿಗೆ ಟವೆಲ್ ತುರುಕಿಕೊಂಡು ಅತ್ತ.

ಎಡೆ ಇಟ್ಟರು. ಲೋಹಿತಾ ಬಂದು ಉಣ್ಣಲಿ ಅಂತ ಕೋಣೆಯ ಬಾಗಿಲು ಮುಚ್ಚಿ, ಮನೆ ತುಂಬ ಇದ್ದ ನೆಂಟರೆಲ್ಲ ಹೊರಗೆ ಮಾತಿಲ್ಲದೆ ನಿಂತರು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು.

"ಸಾಕು, ಬಾಗ್ಲು ತೆಗೀರಪ್ಪ."

ನಾಗಭೂಷಣ ತೆಗೆಯಲಿಲ್ಲ. ಬಾಗಿಲಿಗೆ ಕಿವಿ ಆನಿಸಿ ನಿಂತ. ಯಾರೋ ಭುಜ ಹಿಡಿದರು, ಯಾರೋ ಊಟಕ್ಕೆ ಹೊತ್ತಾಯಿತು ಅಂದರು. ಅವನು ಉಸಿರು ಬಿಗಿಹಿಡಿದು, ಸುಮ್ಮನಿರಿ ಅಂತ ಕೈಸನ್ನೆ ಮಾಡಿದ. ಒಳಗೆ ಒಂದು ಸದ್ದೂ ಇರಲಿಲ್ಲ. ಅವನು ಕೇಳುತ್ತಲೇ ಇದ್ದ.