ಮುಖ ನೋಡಿ ಬನ್ನಿ

ಸೌಟಮ್ಮನ ಅಡುಗೆಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ಊಟದ ಕ್ಯಾರಿಯರ್ ಒಯ್ದವರು ಅದನ್ನು ಬಾಗಿಲಲ್ಲಿಟ್ಟು ಬರುವ ಹಾಗಿಲ್ಲ, ಮುಖ ನೋಡಿಯೇ ಬರಬೇಕು. ಮನೆ ಬಿಟ್ಟು ಹೊರಗೆ ಬರಲಾರದ ಮುದುಕ ಮುದುಕಿಯರಿಗೆ ದಿನವೂ ಮಧ್ಯಾಹ್ನ ಬಿಸಿ ಊಟ ತಲುಪಿಸುವ ಕೆಲಸ ಅದು. ಸಂಬಳವಿಲ್ಲ, ಬಸ್ಸಿನ ಖರ್ಚಿಲ್ಲ, ಸಾಲದ್ದಕ್ಕೆ ಸೌಟಮ್ಮನ ಬೈಗುಳ ಬೇರೆ. ಕೈಯಲ್ಲಿ ಸೌಟಿಲ್ಲದಿದ್ದರೆ ಆಕೆಯ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ, ಅದಕ್ಕೇ ಆ ಹೆಸರು.

"ಊಟ ಯಾರು ಬೇಕಾದ್ರೂ ಕೊಡ್ತಾರೆ," ಎಂದು ಸೌಟು ಆಡಿಸುತ್ತಾ ಹೇಳುತ್ತಿದ್ದಳು. "ಇವತ್ತು ಕಣ್ಣು ಹೇಗಿದೆ, ಮಾತು ಹೇಗಿದೆ, ನಿನ್ನೆಗಿಂತ ಸೊರಗಿದ್ದಾರಾ, ಅದನ್ನ ನೋಡೋರು ಯಾರು? ಅವರಿಗೆ ಇಡೀ ದಿನಕ್ಕೆ ಕಾಣೋ ಮನುಷ್ಯರು ಅಂದ್ರೆ ನೀವೊಬ್ಬರೇ. ಮುಖ ನೋಡಿ ಬನ್ನಿ."

ವಾಪಸು ಬಂದವರು ಖಾಲಿ ಕ್ಯಾರಿಯರ್‌ಗಳನ್ನು ತೊಳೆಯಲು ಹಾಕುವಾಗ ಒಂದೊಂದು ಮನೆಯ ಬಗ್ಗೆಯೂ ಬಾಯಿಬಿಟ್ಟು "ಮುಖ ನೋಡಿದೆ" ಎನ್ನಬೇಕು. ಟೈಲರಮ್ಮ ಎಲ್ಲ ಮನೆಗಳ ಬಗ್ಗೆಯೂ ನಿಜವನ್ನೇ ಹೇಳುತ್ತಿದ್ದಳು, ಒಂದು ಮನೆಯನ್ನು ಬಿಟ್ಟು.

ಟೈಲರಮ್ಮನಿಗೆ ಅರವತ್ತು ದಾಟಿತ್ತು. ಜನ್ಮವೆಲ್ಲ ಹೊಲಿಗೆ ಮಿಷನ್ನು ತುಳಿದು, ಸೂಜಿಗೆ ದಾರ ಪೋಣಿಸಲು ಕಣ್ಣು ಸಹಕರಿಸದಾದಾಗ ಅಂಗಡಿ ಮುಚ್ಚಿದ್ದಳು. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಹಾಗಾಗಿ ಈ ಕೆಲಸಕ್ಕೆ ಸೇರಿಕೊಂಡಳು. ಬಾಯಿ ಸ್ವಲ್ಪ ಜೋರು, ಆದರೆ ಮುದುಕರಿಗೆ ಅವಳೆಂದರೆ ಪ್ರಾಣ. ಹಳೇ ಪೋಸ್ಟ್‌ಮ್ಯಾನ್ ಒಬ್ಬರು ತಮ್ಮ ಹಲ್ಲುಸೆಟ್ಟು ಹುಡುಕಿಕೊಟ್ಟ ಹೊರತು ಅವಳಿಗೆ ಬಾಗಿಲು ದಾಟಲು ಬಿಡುತ್ತಿರಲಿಲ್ಲ. "ಇವತ್ತೂ ಅದೇ ಸೂಪಾ?" ಎಂದು ಅವರು ಮೂಗು ಮುರಿದರೆ, "ಅದೇ ಅಲ್ಲ ಅಜ್ಜಾ, ನಿನ್ನೆದು ತೆಳ್ಳಗಿತ್ತು, ಇವತ್ತಿನದು ಬರೀ ನೀರು," ಎನ್ನುತ್ತಿದ್ದಳು. ಅಜ್ಜ ನಗುತ್ತಲೇ ಪೂರ್ತಿ ಕುಡಿಯುತ್ತಿದ್ದರು.

ಹೀಗಿರುವಾಗ, ಬೇಕರಿ ಬೀದಿಯ ಮನೆಗಳಿಗೆ ಊಟ ಒಯ್ಯುತ್ತಿದ್ದ ಡ್ರೈವರಿಗೆ ಸೊಂಟ ಹಿಡಿಯಿತು. ಆ ಮನೆಗಳೆಲ್ಲ ಟೈಲರಮ್ಮನ ಪಾಲಿಗೆ ಬಂದವು. "ಬೇಕರಿ ಮೇಲಿನ ಮಹಡಿಯಲ್ಲಿ ಒಬ್ಬರು ಡ್ರಿಲ್ ಟೀಚರ್ ಇದ್ದಾರೆ," ಎಂದಳು ಸೌಟಮ್ಮ. "ಮಂಡಿ ಎರಡೂ ಹೋಗಿವೆ. ಮೆಟ್ಟಿಲು ಇಳಿಯಲ್ಲ. ಹಿಂದೆ ಮುಂದೆ ಯಾರೂ ಇಲ್ವಂತೆ, ಪಾಪ."

ಆ ಡ್ರಿಲ್ ಟೀಚರ್ ಟೈಲರಮ್ಮನ ಒಡಹುಟ್ಟಿದ ಅಕ್ಕ.

ಇವರಿಬ್ಬರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳು ಅಕ್ಕ. ಮದುವೆಯಾಗದ ಅಕ್ಕ, ಹಗಲು ಶಾಲೆ, ರಾತ್ರಿ ಅಮ್ಮ. ನಿದ್ದೆಗೆಟ್ಟು ನಿದ್ದೆಗೆಟ್ಟು ಕೊನೆಗೆ ತಂಗಿಗೆ ಫೋನ್ ಮಾಡಿ, "ಒಂದು ವಾರ ಬಂದು ಇರೇ, ಕೈಲಾಗ್ತಿಲ್ಲ," ಎಂದಿದ್ದಳು. ಅಂಗಡಿಯಲ್ಲಿ ಮದುವೆಯ ಬಟ್ಟೆಗಳು ರಾಶಿ ಬಿದ್ದಿದ್ದವು. "ಈ ವಾರ ಆಗಲ್ಲ ಅಕ್ಕಾ, ಮುಂದಿನ ವಾರ ಬರ್ತೀನಿ," ಎಂದಳು ಇವಳು. ಅಮ್ಮ ಮುಂದಿನ ವಾರದವರೆಗೆ ಕಾಯಲಿಲ್ಲ.

ಅಮ್ಮನ ಸಂಸ್ಕಾರ ಮುಗಿಸಿ ಬಂದ ಸಂಜೆ, ಬೆಳಗಿನಿಂದ ಬಾಯಿಗೆ ಏನೂ ಹಾಕದ ಅಕ್ಕನ ಮುಂದೆ ಇವಳು ಒಂದು ಲೋಟ ನೀರು ಹಿಡಿದಳು. ಅಕ್ಕ ಲೋಟವನ್ನು ಪಕ್ಕಕ್ಕೆ ತಳ್ಳಿದಳು. "ಇನ್ನು ನಿನ್ನ ಕೈಯಿಂದ ಒಂದು ತೊಟ್ಟು ನೀರು ಕುಡಿದ್ರೆ ಕೇಳು." ಬಂದವರೆಲ್ಲ ನೋಡುತ್ತಿದ್ದರು. ಇವಳಿಗೂ ಮಾನ ಹೋದ ಹಾಗಾಯಿತು. "ಇನ್ನು ನಿನ್ನ ಮುಖ ನೋಡಿದ್ರೆ ನನ್ನನ್ನೂ ಕೇಳು," ಎಂದು ಲೋಟ ನೆಲಕ್ಕಿಟ್ಟು ಹೊರಟಳು. ಹಟದಲ್ಲಿ ಅಕ್ಕತಂಗಿಯರು ಒಬ್ಬರನ್ನೊಬ್ಬರು ಮೀರಿಸಿದವರು. ಸಮಾಧಾನ ಮಾಡಲು ಹೋದ ನೆಂಟರಿಗೆ ಇಬ್ಬರ ಕೈಯಲ್ಲೂ ಮಂಗಳಾರತಿಯಾಯಿತು.

ಈಗ ನೋಡಿದರೆ ಅದೇ ಅಕ್ಕನಿಗೆ ಇವಳೇ ಊಟ ಒಯ್ಯಬೇಕು. ತಂದದ್ದು ತಂಗಿ ಎಂದು ಗೊತ್ತಾದರೆ ಅಕ್ಕ ಉಪವಾಸ ಬಿದ್ದು ಸತ್ತಾಳೇ ಹೊರತು ತುತ್ತು ಮುಟ್ಟಲಾರಳು, ಟೈಲರಮ್ಮನಿಗೆ ಈ ಬಗ್ಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಅಡಗಿ ಕೊಟ್ಟು ಬರುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಇದು ಅರ್ಧ ಸತ್ಯ. ಆಡಿದ ಮಾತನ್ನು ತಾನೇ ಮೊದಲು ಮುರಿಯುವುದು ಅವಳಿಗೂ ಬೇಕಿರಲಿಲ್ಲ ಎಂಬುದು ಉಳಿದರ್ಧ.

ಅಕ್ಕನ ಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಕೊಕ್ಕೆಯಿತ್ತು. ಅದರಲ್ಲಿ ಹಿಂದಿನ ದಿನದ ಕ್ಯಾರಿಯರ್ ಫಳಫಳ ತೊಳೆದು ನೇತುಹಾಕಿರುತ್ತಿತ್ತು. ಟೈಲರಮ್ಮ ಅದನ್ನು ತೆಗೆದುಕೊಂಡು, ತುಂಬಿದ್ದನ್ನು ಸಿಕ್ಕಿಸಿ, ಬೆಲ್ಲು ಒತ್ತಿ, ದಡಬಡ ಇಳಿದು ಮೆಟ್ಟಿಲು ತಿರುಗುವಲ್ಲಿ ಗೋಡೆಗೆ ಅಂಟಿ ನಿಲ್ಲುತ್ತಿದ್ದಳು. ಬಾಗಿಲು ಗೇಣಗಲ ತೆರೆಯುತ್ತಿತ್ತು. ಒಂದು ಕೈ ಹೊರಗೆ ಬರುತ್ತಿತ್ತು. ಬಲಗೈ, ಅದರಲ್ಲಿ ಗಡಿಯಾರ, ಗಡಿಯಾರದ ಮುಖ ಒಳಮಣಿಕಟ್ಟಿನ ಕಡೆಗೆ. ಮಕ್ಕಳನ್ನು ಓಡಿಸುತ್ತಾ ಹೊತ್ತು ನೋಡಿಕೊಳ್ಳುತ್ತಿದ್ದ ಅಕ್ಕನ ಹಳೆಯ ಅಭ್ಯಾಸ. ಕೈ ಕ್ಯಾರಿಯರನ್ನು ಎತ್ತಿಕೊಳ್ಳುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು. ಟೈಲರಮ್ಮ ಕಣ್ಣೊರೆಸಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು.

ಕೆಲವು ದಿನ ಆ ಕೈ ಕ್ಯಾರಿಯರ್ ಎತ್ತುವ ಮುಂಚೆ ಕೊಕ್ಕೆಯ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ಇರುತ್ತಿತ್ತು. ಮಂಡಿ ನೋವಿಗೆ ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಳು ಇವಳು. ಇವತ್ತು ಮೇಲೆ ಹತ್ತಿಯೇ ಬಿಡೋಣ, ಬೈದರೆ ಬೈಯಲಿ ಎಂದು ಎಷ್ಟೋ ಸಲ ಕಾಲು ಎತ್ತಿದ್ದೂ ಉಂಟು. ಆಮೇಲೆ, ಆಗಲಿ, ಮುಂದಿನ ವಾರ. ಅಮ್ಮ ಸತ್ತರೂ ಆ ಮುಂದಿನ ವಾರದ ಚಾಳಿ ಇವಳನ್ನು ಬಿಟ್ಟಿರಲಿಲ್ಲ ನೋಡಿ.

ಒಂದು ದಿನ ಬಾಗಿಲಿಂದ ಎಡಗೈ ಬಂತು. ಕೊಕ್ಕೆ ಸಿಗದೆ ತಡವರಿಸಿತು. ಕ್ಯಾರಿಯರ್ ವಾಲಿ ಸೂಪು ಹೊಸ್ತಿಲ ಮೇಲೆ ಚೆಲ್ಲಿತು. ಬಲಗೈಯಲ್ಲಿ ಗೋಡೆ ಹಿಡಿದಿರಬೇಕು ಎಂದುಕೊಂಡಳು ಟೈಲರಮ್ಮ.

"ಡ್ರಿಲ್ ಟೀಚರ್?" ಎಂದು ಸೌಟಮ್ಮ ಕೇಳಿದಳು.

"ಮುಖ ನೋಡಿದೆ."

"ಹೇಗಿದ್ದಾರೆ?"

"ಹೇಗಿರ್ತಾರೆ, ಹಾಗೇ ಇದ್ದಾರೆ."

ಮರುದಿನವೂ ಎಡಗೈ. ಅದರ ಮರುದಿನವೂ. ನಾಲ್ಕನೆಯ ದಿನ ಕೊಕ್ಕೆಯಲ್ಲಿ ಖಾಲಿ ಕ್ಯಾರಿಯರ್ ಇರಲಿಲ್ಲ. ಬೆಲ್ಲು ಒತ್ತಿದರೆ ಯಾವ ಕೈಯೂ ಬರಲಿಲ್ಲ. ಟೈಲರಮ್ಮ ಬಾಗಿಲು ಬಡಿದಳು, "ಅಕ್ಕಾ" ಎಂದು ಕೂಗಿದಳು, ಕೆಳಗೋಡಿ ಬೇಕರಿಯಾಕೆಯ ಹತ್ತಿರ ಇದ್ದ ಇನ್ನೊಂದು ಬೀಗದಕೈ ತಂದಳು. ಅಕ್ಕ ಬಾಗಿಲ ಹಿಂದೆಯೇ, ಒಂದು ಕುರ್ಚಿಯ ಬುಡದಲ್ಲಿ ಬಿದ್ದಿದ್ದಳು. ಉಸಿರಿತ್ತು. ಬಾಯಿ ಒಂದು ಕಡೆಗೆ ವಾಲಿತ್ತು. ಅಷ್ಟು ವರ್ಷಗಳ ಮೇಲೆ ಅವಳು ಅಕ್ಕನ ಮುಖ ನೋಡಿದ್ದು ಹಾಗೆ.

"ಮೊದಲು ಸಣ್ಣದಾಗಿ ಲಕ್ವ ಹೊಡೆದಿದೆ," ಎಂದರು ಆಸ್ಪತ್ರೆಯ ಡಾಕ್ಟರು. "ಬಾಯಿ ವಾಲಿ ಮೂರ್ನಾಲ್ಕು ದಿನ ಆಗಿರಬೇಕು. ಆಗಲೇ ಕರ್ಕೊಂಡು ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಯಾರೂ ಇವರ ಮುಖ ನೋಡಲಿಲ್ವಾ?"

ಸಂಜೆ ಟೈಲರಮ್ಮ ಅಡುಗೆಮನೆಗೆ ಹೋಗಿ, "ನಾನು ಒಂದು ದಿನವೂ ಅವಳ ಮುಖ ನೋಡಿರಲಿಲ್ಲ," ಎಂದು ಸೌಟಮ್ಮನ ಮುಂದೆ ಕುಸಿದಳು. ಸೌಟಮ್ಮ ಸೌಟು ಕೆಳಗಿಟ್ಟಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಆಕೆ ಬೈಯಲಿಲ್ಲ.

ಮರುದಿನ ಬೇಕರಿಯಾಕೆ ಆಸ್ಪತ್ರೆಗೆ ಬಂದಳು. ಇಡೀ ವಾರ ಒಲೆಯ ಮುಂದೆ ಬೇಯುವ ಹೆಂಗಸು, ರಜೆಯ ದಿನ ಮಾತ್ರ ಮಹಡಿ ಹತ್ತಿ ಟೀಚರನ್ನು ಮಾತಾಡಿಸಿ ಬರುತ್ತಿದ್ದಳು.

"ನೀವೇ ಅಲ್ವಾ ತಂಗಿ?" ಎಂದಳು.

"ನಿಮಗೆ ಯಾರು ಹೇಳಿದ್ರು?"

"ಟೀಚರೇ. ಮೊದಲನೇ ದಿನವೇ ಗೊತ್ತಾಯ್ತಂತೆ. 'ನನ್ನ ತಂಗಿ ಚಿಕ್ಕವಳಿದ್ದಾಗ ಮೆಟ್ಟಿಲಿಂದ ಬಿದ್ದಿದ್ದಳು. ಆವತ್ತಿಂದ ಪ್ರತಿ ಮೆಟ್ಟಿಲಿಗೂ ಬಲಗಾಲೇ ಮೊದಲು ಇಡ್ತಾಳೆ, ಎಡಗಾಲು ಎಳ್ಕೊಂಡು ಬರುತ್ತೆ. ಅವಳಿಗೆ ನಡೆಯೋಕೆ ಕಲಿಸಿದ್ದೇ ನಾನು, ಸದ್ದು ಗೊತ್ತಾಗಲ್ವಾ' ಅಂದ್ರು. ಬೆಳಗಿನ ಕೆಲಸ ಮುಗಿಸಿ ಬಾಗಿಲ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಬಿಡೋರು. ಒಳಗೆ ಕರೀಬಾರ್ದಾ ಅಂದೆ. 'ಬೇಡ, ಮುಖ ನೋಡಲ್ಲ ಅಂದಿದ್ದಾಳೆ, ಮಹಾ ಹಟಮಾರಿ. ನಾನು ತಲೆ ಹೊರಗೆ ಹಾಕಿದ್ರೆ ನಾಳೆಯಿಂದ ಬರೋದೇ ಬಿಡ್ತಾಳೆ. ಕೈ ಅಷ್ಟೇ ತೋರಿಸ್ತೀನಿ, ಮನಸ್ಸಾದ ದಿನ ಅವಳೇ ಬರಲಿ' ಅಂದ್ರು."

"ಊಟ... ತಿಂತಿದ್ಲಾ?" ಎಂದಳು ಟೈಲರಮ್ಮ.

"ಒಂದಗುಳು ಬಿಡ್ತಿರಲಿಲ್ಲ. ನನ್ನ ತಂಗಿ ಕೈಯಿಂದ ಬಂದದ್ದು ಅಂತ ನನಗೂ ಒಂದು ತುತ್ತು ಕೊಡ್ತಿರಲಿಲ್ಲ."

ಅಕ್ಕ ತನ್ನ ಮಾತನ್ನು ಮೊದಲ ದಿನವೇ ಗಾಳಿಗೆ ತೂರಿದ್ದಳು. ಉಳಿಸಿಕೊಂಡವಳು ಇವಳು. ಆಸ್ಪತ್ರೆಯ ಬೆಂಚಿನ ಮೇಲೆ, ಹೋಗಿ ಬರುವವರ ಪರಿವೆಯಿಲ್ಲದೆ, ಟೈಲರಮ್ಮ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅಕ್ಕ ಬದುಕಿದಳು. ತೊದಲಾದರೂ ಮಾತು ಬಂತು, ಗೋಡೆ ಹಿಡಿದು ಕೋಣೆಯೊಳಗೆ ಓಡಾಡುವಷ್ಟಾದಳು. ಆದರೆ ಯಾರ ಮುಖದ ಗುರುತೂ ಸಿಗುತ್ತಿರಲಿಲ್ಲ, ದನಿಯ ಗುರುತೂ ಸಿಗುತ್ತಿರಲಿಲ್ಲ. ಅದು ವಾಪಸು ಬರುವ ಭರವಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಟೈಲರಮ್ಮ ತನ್ನ ಮನೆಗೆ ಬೀಗ ಹಾಕಿ ಅಕ್ಕನ ಮನೆಗೆ ಬಂದಳು. ದಿನಾ ಬೆಳಗ್ಗೆ ಎದುರಿಗೆ ಕೂತು, "ಅಕ್ಕಾ, ನಾನು ಕಣೇ, ನಿನ್ನ ತಂಗಿ," ಎನ್ನುತ್ತಿದ್ದಳು. ಅಕ್ಕ ಅವಳ ನರೆತ ಕೂದಲನ್ನು, ಸುಕ್ಕು ಬಿದ್ದ ಕೆನ್ನೆಯನ್ನು ದಿಟ್ಟಿಸಿ ನೋಡಿ, "ಛೇ, ಅವಳು ನಿಮ್ಮಷ್ಟು ವಯಸ್ಸಾದವಳಲ್ಲ," ಎಂದು ಮರ್ಯಾದೆಯಿಂದ ಹೇಳುತ್ತಿದ್ದಳು.

ಮಧ್ಯಾಹ್ನವಾಗುತ್ತಿದ್ದಂತೆ ಅಕ್ಕನಿಗೆ ಚಡಪಡಿಕೆ ಶುರುವಾಗುತ್ತಿತ್ತು. "ನೀವಿನ್ನು ಹೊರಡಿ. ನನ್ನ ತಂಗಿ ಬರೋ ಹೊತ್ತು. ಹೊರಗಿನವರನ್ನ ಕಂಡ್ರೆ ಮೆಟ್ಟಿಲಿಂದಲೇ ತಿರುಗಿ ಹೋಗ್ತಾಳೆ." ಹೋಗದಿದ್ದರೆ ಮಗುವಿನ ಹಾಗೆ ಅಳುತ್ತಿದ್ದಳು. ಹಾಗಾಗಿ ಟೈಲರಮ್ಮ ದಿನಾ ಹೊರಗೆ ಹೋಗುತ್ತಾಳೆ. ಸೌಟಮ್ಮನ ಕಡೆಯವರು ಬೇಕರಿಯಲ್ಲಿ ಕೊಟ್ಟು ಹೋದ ಕ್ಯಾರಿಯರ್ ಹಿಡಿದು, ಪ್ರತಿ ಮೆಟ್ಟಿಲಿಗೂ ಬಲಗಾಲು ಮೊದಲಿಟ್ಟು ಹತ್ತುತ್ತಾಳೆ. ಕೊಕ್ಕೆಗೆ ಸಿಕ್ಕಿಸುತ್ತಾಳೆ, ಬೆಲ್ಲು ಒತ್ತುತ್ತಾಳೆ, ಇಳಿದು ಗೋಡೆಗೆ ಅಂಟಿ ನಿಲ್ಲುತ್ತಾಳೆ. ಎಡಗೈ ಹೊರಗೆ ಬರುತ್ತದೆ. "ಬಂದ್ಲು," ಎಂದು ಒಳಗಿನಿಂದ ಕೇಳುತ್ತದೆ, ಆ ದನಿಯಲ್ಲಿ ಎಷ್ಟು ಸಂತೋಷ. ಒಂದು ದಿನ ತಡೆಯಲಾರದೆ ಓಡಿಹೋಗಿ ಆ ಕೈ ಹಿಡಿದುಕೊಂಡಿದ್ದಳು. "ಯಾರ್ರೀ ನೀವು, ನನ್ನ ತಂಗೀನ ಓಡಿಸಿಬಿಟ್ರಲ್ಲ," ಎಂದು ಅಕ್ಕ ಆ ದಿನ ಊಟ ಮುಟ್ಟಲಿಲ್ಲ. ಅಂದಿನಿಂದ ಹಿಡಿದಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಒಳಗೆ ಹೋದರೆ ಅಕ್ಕ ಮುಖ ಅರಳಿಸಿ ಕರೆಯುತ್ತಾಳೆ. "ಬನ್ನಿ ಬನ್ನಿ, ನನ್ನ ತಂಗಿ ಊಟ ತಂದಿದ್ದಾಳೆ. ಇಬ್ಬರಿಗೂ ಆಗುತ್ತೆ." ಟೈಲರಮ್ಮ ಚಮಚದಲ್ಲಿ ತಿನ್ನಿಸುತ್ತಾಳೆ.

"ನಿಮಗೆ ಅಕ್ಕತಂಗಿಯರು ಇದ್ದಾರಾ?" ಎಂದು ನಿನ್ನೆ ಕೇಳಿದಳು ಅಕ್ಕ.

"ಒಬ್ಬಳು ಅಕ್ಕ ಇದ್ದಾಳೆ."

"ಹೋಗಿ ಬಂದು ಮಾಡ್ತೀರಾ?"

"ದಿನಾ ಹೋಗ್ತೀನಿ. ಅವಳಿಗೆ ನನ್ನ ಗುರುತು ಸಿಗಲ್ಲ."

ಅಕ್ಕ ಲೊಚಗುಟ್ಟಿದಳು. "ಅಯ್ಯೋ ಪಾಪ. ಆದ್ರೂ ಹೋಗೋದು ಬಿಡಬೇಡಿ. ನಮ್ಮವಳು ನೋಡಿ, ಮೆಟ್ಟಿಲವರೆಗೂ ಬರ್ತಾಳೆ, ಒಳಗೆ ಬರಲ್ಲ. ಮುಂದಿನ ವಾರ ಬಂದೇ ಬರ್ತಾಳೆ ಅಂತ ನನಗನ್ನಿಸುತ್ತೆ."

"ಬರ್ತಾಳೆ ಅಕ್ಕಾ," ಎಂದು ಟೈಲರಮ್ಮ ಅವಳ ವಾಲಿದ ಬಾಯಂಚನ್ನು ಒರೆಸಿದಳು.

ಅಕ್ಕ ನೀರು ಕೇಳಿದಳು. ಟೈಲರಮ್ಮ ಒಂದು ಕೈಯಲ್ಲಿ ಗದ್ದ ಹಿಡಿದು ಇನ್ನೊಂದು ಕೈಯಲ್ಲಿ ಲೋಟ ಹಿಡಿದಳು. ಅಕ್ಕ ನಿಧಾನವಾಗಿ, ಒಂದು ತೊಟ್ಟೂ ಬಿಡದೆ, ಆ ಕೈಯಿಂದ ಕುಡಿದಳು. ಕುಡಿದು, "ತುಂಬಾ ಉಪಕಾರವಾಯ್ತು ನಿಮ್ಮಿಂದ," ಎಂದಳು.