ಐಲಿ ಒಟ್ಟಿದ ಸೌದೆ

ನನ್ನ ಹೆಂಡತಿ ಐಲಿ ತೀರಿಕೊಂಡದ್ದು ಎಲೆಯುದುರುವ ಕಾಲದಲ್ಲಿ. ಮಣ್ಣು ಮಾಡಿ ಮನೆಗೆ ಬಂದ ಸಂಜೆ, ಚರ್ಚಿನ ಹೆಂಗಸರು ತಂದಿಟ್ಟು ಹೋಗಿದ್ದ ಮೀನಿನ ಸಾರು ಒಲೆಯ ಮೇಲೆ ತಣ್ಣಗಾಗಿ ಕುಳಿತಿತ್ತು. ಬಿಸಿ ಮಾಡೋಣವೆಂದು ಸೌದೆಗೆ ಹಿತ್ತಿಲಿಗೆ ಹೋದೆ. ಅವಳು ಒಟ್ಟಿದ್ದ ಸೌದೆಯ ಮುಂದೆ ನಿಂತವನಿಗೆ ಒಂದು ಸೀಳನ್ನೂ ಎಳೆಯಲು ಕೈ ಬರಲಿಲ್ಲ. ತಣ್ಣನೆಯ ಸಾರನ್ನೇ ಉಂಡು ಮಲಗಿದೆ.

ಅಮೆರಿಕದ ಮಿಷಿಗನ್ನಿನ ಈ ಬಡಗಣ ತುದಿಯಲ್ಲಿ, ಫಿನ್ಲೆಂಡಿನಿಂದ ಬಂದ ಹಿರಿಯರ ಮಕ್ಕಳಾದ ನಮ್ಮವರು, ಒಂದು ಮನೆಯ ಮರ್ಯಾದೆಯನ್ನು ಅಳೆಯುವುದು ಸೌದೆಯಿಂದ. ನಡುಬೇಸಿಗೆಯ ಹಬ್ಬದೊಳಗೆ ಮುಂದಿನ ಚಳಿಗಾಲದ ಸೌದೆ ಸೀಳಿ ಒಟ್ಟಿ ಆಗಿರಬೇಕು. ಆಗದಿದ್ದರೆ ಜನ ಬಾಯಿಬಿಟ್ಟು ಏನೂ ಅನ್ನುವುದಿಲ್ಲ, ಹಿತ್ತಿಲ ಕಡೆ ಒಮ್ಮೆ ನೋಡಿ ಸುಮ್ಮನಾಗುತ್ತಾರೆ. ಅದು ಬೈಗುಳಕ್ಕಿಂತ ಹೆಚ್ಚು. ಐಲಿ ಒಟ್ಟಿದ್ದನ್ನು ಮಾತ್ರ ಜನ ನಿಂತು ನೋಡುತ್ತಿದ್ದರು. ತೊಗಟೆ ಮೇಲಾಗಿ, ತುದಿಗೆ ತುದಿ ಸಮನಾಗಿ, ಹೆಂಚು ಹೊದಿಸಿದ ಹಾಗೆ. ಕಡೆಯ ಬೇಸಿಗೆಯಲ್ಲೂ ಸ್ತೋತ್ರ ಗುನುಗುತ್ತ ಅವಳೇ ಒಟ್ಟಿದಳು. ಅದನ್ನು ಸುಟ್ಟುಬಿಟ್ಟರೆ ಅವಳ ಕೈ ಮುಟ್ಟಿ ಇಟ್ಟದ್ದು ಇನ್ನೇನೂ ಉಳಿಯುವುದಿಲ್ಲ ಎಂದು ನನಗೆ ಅನ್ನಿಸಿತು.

ಆದರೆ ಅಡುಗೆಮನೆಯ ಒಲೆಗೆ ಒಣಗಿದ ಸೀಳೇ ಬೇಕು. ಮನೆಯಲ್ಲಿದ್ದ ಒಣಸೌದೆಯೆಲ್ಲ ಅವಳದೇ. ಹೊಲದ ಆಚೆ ಬಿರುಗಾಳಿಗೆ ಬಿದ್ದ ಮರಗಳಿದ್ದವು, ಬುಡಕಿತ್ತ ಕೊರಡುಗಳಿದ್ದವು. ಎಲ್ಲ ಹಸಿ, ಗಂಟುಗಂಟು. ಅದನ್ನು ತಿನ್ನುವಂಥದು ಒಂದೇ ಇತ್ತು: ಮನೆಯ ಹೊರಗೆ ನಿಲ್ಲಿಸುವ ಬಾಯ್ಲರ್. ನೆರೆಯ ಆರ್ವಿಡ್‌ನನ್ನು ಕೇಳಿದೆ. ಅವನು ಗಣಿಯಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತನಾದವನು, ಚಿಕ್ಕಂದಿನಿಂದ ನನ್ನ ಜೊತೆಯವನು, ಮದುವೆಯಾಗದವನು.

ಇಷ್ಟು ಒಳ್ಳೆಯ ಸೌದೆ ಇಟ್ಟುಕೊಂಡು ಬಾಯ್ಲರ್ ಯಾಕೆ ಎಂದು ಅವನು ಕೇಳಿದ. ಮನೆಯೊಳಗೆ ಬೂದಿ ಹೊಗೆ ಸಾಕಾಗಿದೆ ಎಂದೆ. ಅವನು ಹಿತ್ತಿಲ ಕಡೆ ಒಮ್ಮೆ ನೋಡಿ ಸುಮ್ಮನಾದ.

ಹಿಮ ಬೀಳುವುದರೊಳಗೆ ಮುಗಿಸಬೇಕಿತ್ತು. ಗಣಿಯ ಗುಜರಿಯಿಂದ ಆಳೆತ್ತರದ ದಪ್ಪ ಕಬ್ಬಿಣದ ಕೊಳವೆಯ ತುಂಡು ತಂದೆವು. ಅದು ಬೆಂಕಿಯ ಹೊಟ್ಟೆ; ಕೆಳಗೆ ಗಾಳಿ ಒಳಬರಲು ಒಂದು ಬಾಯಿ, ಮೇಲೆ ಹೊಗೆಕೊಳವೆ. ಅದರ ಸುತ್ತ ಇನ್ನೊಂದು ದೊಡ್ಡ ಟ್ಯಾಂಕ್; ನಡುವೆ ನೀರು. ನೆತ್ತಿಯ ಮೇಲೆ ಎಂದೂ ಮುಚ್ಚದ ಸಣ್ಣ ಕೊಳವೆ, ನೀರು ಕುದಿದರೆ ಉಸಿರು ಬಿಡಲಿಕ್ಕೆ. ಅಲ್ಲಿಂದ ಮನೆಗೆ ಆಳವಾದ ಕಾಲುವೆ ತೋಡಿ, ಪೈಪುಗಳಿಗೆ ದಪ್ಪ ಹೊದಿಕೆ ಸುತ್ತಿ ಹೂತೆವು. ನೆಲಮಾಳಿಗೆಯಲ್ಲಿ ಹಳೆಯ ಲಾರಿಯ ರೇಡಿಯೇಟರ್, ಅದರ ಹಿಂದೆ ಒಂದು ಫ್ಯಾನು. ಪಂಪ್ ಬಿಸಿನೀರನ್ನು ತರುತ್ತದೆ, ಫ್ಯಾನು ಆ ಬಿಸಿಯನ್ನು ಮನೆಗೆ ಊದುತ್ತದೆ, ತಣಿದ ನೀರು ಹಿಂದಕ್ಕೆ ಹೋಗುತ್ತದೆ. ನನ್ನ ಎಡತೋಳು ಹಳೆಯ ಪೆಟ್ಟಿನಿಂದ ಭುಜದ ಮೇಲಕ್ಕೆ ಏಳುವುದಿಲ್ಲ. ಹಿಡಿಯುವುದು ತೋಡುವುದು ಮಾತ್ರ ನನ್ನ ಪಾಲು, ಉಳಿದದ್ದೆಲ್ಲ ಆರ್ವಿಡ್‌ನದು.

ಮೊದಲ ಬೆಂಕಿ ಹಾಕಿದ ದಿನ ಆರ್ವಿಡ್ ಬಾಗಿಲನ್ನು ತಟ್ಟಿ, "ಈ ಹಂಡೆ ಏನು ಹಾಕಿದ್ರೂ ತಿನ್ನುತ್ತೆ ಕಣೋ, ನಿನ್ನ ಹಳೇ ಬೂಟೂ ಸೇರಿ. ಆದ್ರೆ ಹಸಿಕಟ್ಟಿಗೆ ತುಂಬಿ ಗಾಳಿಬಾಯಿ ಮುಚ್ಚಬೇಡ. ಗಂಟಲು ಕಟ್ಟುತ್ತೆ," ಎಂದ.

"ಐಲಿ ಕೂಡ ನನಗೆ ಇಷ್ಟು ಬುದ್ಧಿ ಹೇಳ್ತಿರಲಿಲ್ಲ."

"ಹೇಳ್ತಿದ್ಲು. ನೀನು ಕೇಳ್ತಿರಲಿಲ್ಲ."

ಮನೆ ಬೆಚ್ಚಗಾಯಿತು. ಎಲ್ಲ ಕೋಣೆಗಳೂ ಒಂದೇ ಸಮ ಬೆಚ್ಚಗೆ. ಐಲಿ ಇದ್ದಾಗಲೂ ಹಾಗೆ ಇರಲಿಲ್ಲ. ಅಡುಗೆಗೆ ಸಣ್ಣದೊಂದು ಕರೆಂಟ್ ಒಲೆ ತಂದಿಟ್ಟುಕೊಂಡೆ. ಆದರೆ ಮನೆಯಲ್ಲಿ ಸದ್ದೆಂಬುದೇ ಇಲ್ಲವಾಯಿತು. ಒಲೆ ಉರಿಯುವಾಗ ಅದು ಚಿಟಿಲೆನ್ನುತ್ತಿತ್ತು, ಕೆಟಲ್ ಗೊಣಗುತ್ತಿತ್ತು. ಎರಡು ಜೀವ ಮಾತಾಡದೆ ಕುಳಿತರೂ ಮೂರನೆಯದೊಂದು ಮಾತಾಡುತ್ತಿತ್ತು. ಈಗ ಬೆಂಕಿ ಅಂಗಳದಾಚೆ ಒಂದು ತಗಡಿನ ಗುಡಿಸಲಲ್ಲಿ ತನ್ನ ಪಾಡಿಗೆ ಉರಿಯಿತು, ನಾನು ಇಲ್ಲಿ ತಣ್ಣನೆಯ ಒಲೆಯ ಎದುರು ಕುರ್ಚಿ ಹಾಕಿಕೊಂಡು ಕುಳಿತೆ. ಊಟದ ಮುಂಚಿನ ಪ್ರಾರ್ಥನೆಯ ಕೊನೆಯಲ್ಲಿ ಆಮೆನ್ ಎಂದು ನಿಲ್ಲಿಸುವೆ, ಎದುರಿನಿಂದ ಆಮೆನ್ ಬರಲಿ ಎಂದು. ಆಮೇಲೆ ಚಮಚ ಎತ್ತುವೆ.

ದಿನವೂ ಸೌದೆಯ ಮೇಲಿನ ಟಾರ್ಪಾಲಿನಿಂದ ಹಿಮ ಗುಡಿಸುತ್ತಿದ್ದೆ. ಮನೆಯ ಹಾದಿಗಿಂತ ಮೊದಲು ಅದನ್ನೇ ಗುಡಿಸುತ್ತಿದ್ದೆ. ದೇವರಿಗೆ ಸಲ್ಲಬೇಕಾದ್ದನ್ನು ಕಟ್ಟಿಗೆಗೆ ಸಲ್ಲಿಸುತ್ತಿದ್ದೇನೆಯೋ ಎಂಬ ಅಂಜಿಕೆ ಒಮ್ಮೊಮ್ಮೆ ಬರುತ್ತಿತ್ತು. ಆದರೂ ಗುಡಿಸುತ್ತಿದ್ದೆ.

ಇನ್ನೊಂದು ತೊಡಕಿತ್ತು. ನಮ್ಮವರು ಭಾನುವಾರ ದುಡಿಯುವುದಿಲ್ಲ. ಒಲೆಗೆ ಸೌದೆ ಹಾಕುವುದು ಅಡುಗೆಯ ಭಾಗ, ಅದಕ್ಕೆ ಅಡ್ಡಿಯಿಲ್ಲ. ಆದರೆ ಕೊರಡುಗಳನ್ನು ಜಾರುಬಂಡಿಯಲ್ಲಿ ಎಳೆತಂದು ಬಾಯ್ಲರಿಗೆ ತುಂಬುವುದು ದುಡಿಮೆಯೇ ಎಂದು ನನಗೆ ಕಂಡಿತು. ಹೀಗಾಗಿ ಪ್ರತಿ ಶನಿವಾರ, ಸೌನಾದಲ್ಲಿ ಬೆವರಿ ಮೈ ತೊಳೆಯಲು ಹೋಗುವ ಮುನ್ನ, ಹಸಿಕೊರಡುಗಳನ್ನು ಬಾಗಿಲವರೆಗೆ ಗಿಡಿದು, ಸೋಮವಾರದವರೆಗೆ ಮೆಲ್ಲಗೆ ಬೇಯಲೆಂದು ಗಾಳಿಬಾಯನ್ನು ಮುಚ್ಚಿಬಿಡುತ್ತಿದ್ದೆ. ಭಾನುವಾರವಿಡೀ ದಟ್ಟ ಹಳದಿ ಹೊಗೆ ಅಂಗಳದಲ್ಲಿ ತೆವಳುತ್ತಿತ್ತು. ಆರ್ವಿಡ್ ಚರ್ಚಿನ ಮೆಟ್ಟಿಲ ಮೇಲೆ ನನ್ನ ಕೋಟು ಮೂಸಿ, "ನೀನು ವಿಶ್ರಾಂತಿ ತಗೋ, ಬೆಂಕಿಗೆ ವಿಶ್ರಾಂತಿ ಕೊಡಬೇಡ," ಎಂದದ್ದುಂಟು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜನವರಿಯ ಒಂದು ಭಾನುವಾರ ಐಲಿಯ ತಂಗಿ ಸಿಲ್ವಿಯನ್ನು ಚರ್ಚಿನಿಂದ ಕಾಫಿಗೆ ಕರೆತಂದೆ. ಅವಳೂ ಒಂಟಿ, ನನಗಿಂತ ತೆಳ್ಳಗಿನ ಜೀವ. ಏಲಕ್ಕಿ ಹಾಕಿ ಹೆಣೆದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಾವು ಮನೆ ಸೇರುವಷ್ಟರಲ್ಲಿ ಹಿಮಗಾಳಿ ಎದ್ದು, ಬಂದ ದಾರಿ ಮುಚ್ಚಿಹೋಯಿತು. ಬಾಗಿಲು ತೆರೆದರೆ ಒಳಗೂ ಬಾಯಿಂದ ಹಬೆ ಬಂತು. ಫ್ಯಾನು ತಣ್ಣನೆಯ ಗಾಳಿ ಊದುತ್ತಿತ್ತು.

ಬಾಯ್ಲರಿನ ಬಾಗಿಲು ತೆರೆದು ನೋಡಿದೆ. ಬೆಂಕಿ ಸತ್ತಿತ್ತು. ಹೊಗೆಕೊಳವೆಯೊಳಗೆ ಡಾಂಬರಿನಂಥ ಮಸಿ ಕಲ್ಲಾಗಿ ಕಟ್ಟಿಕೊಂಡಿತ್ತು. ಒಂದು ಬೆರಳು ತೂರುವಷ್ಟೂ ಎಡೆಯಿರಲಿಲ್ಲ. ಇಷ್ಟೂ ಭಾನುವಾರಗಳ ಹೊಗೆ ಅಲ್ಲಿ ಕುಳಿತಿತ್ತು.

ಆರ್ವಿಡ್‌ಗೆ ಫೋನು ಮಾಡಿದೆ. ದಾರಿಯ ಹಿಮ ತೆಗೆಯುವ ಗಾಡಿ ಬೆಳಗಾದ ಮೇಲೆ ಬರುವುದು, ಅಲ್ಲಿಯವರೆಗೆ ತಾನೂ ಬರಲಾರೆ, ಹೊಗೆಕೊಳವೆ ಬಿಡಿಸಲು ನೀನು ಮೇಲೆ ಹತ್ತಬೇಡ ಎಂದ. ಆದರೆ ಅಷ್ಟರಲ್ಲಿ ನೀರು ಹೆಪ್ಪುಗಟ್ಟಿದರೆ ಟ್ಯಾಂಕಿನ ಬೆಸುಗೆಯೆಲ್ಲ ಬಿಟ್ಟುಹೋಗುತ್ತದೆ ಎಂದೂ ಹೇಳಿದ.

"ಪಂಪ್ ನಿಲ್ಲಿಸಬೇಡ, ಫ್ಯಾನೂ ತಿರುಗ್ತಾ ಇರಲಿ," ಎಂದ. "ಅಡುಗೆಮನೆ ಒಲೆ ಚೆನ್ನಾಗಿ ಉರಿಸು. ಮನೆ ಬಿಸಿ ಆದ್ರೆ ಆ ಬಿಸೀನೇ ನೀರು ಹಿಡ್ಕೊಂಡು ಹಂಡೆಗೆ ಹೋಗುತ್ತೆ. ಇಷ್ಟು ದಿನ ಅದು ನಿನ್ನ ಕಾಯಿಸ್ತು, ಇವತ್ತು ನೀನು ಅದನ್ನ ಕಾಯಿಸು."

ನಾನು ಕಿಟಕಿಯಿಂದ ಹಿತ್ತಿಲ ಟಾರ್ಪಾಲಿನ ಕಡೆ ನೋಡಿದೆ.

"ಎನ್ಸಿಯೋ, ಇದ್ದೀಯಾ?"

"ಇದ್ದೀನಿ."

"ನನಗೆ ಆವತ್ತೇ ಗೊತ್ತಾಗಿತ್ತು ಕಣೋ, ಹಂಡೆ ಯಾಕೆ ಅಂತ. ಹೋಗಿ ತಗೊಂಡು ಬಾ."

ಸಿಲ್ವಿ ಕೋಟು ತೊಟ್ಟೇ ಒಲೆಯ ಪಕ್ಕ ಕುಳಿತಿದ್ದಳು. ತುಟಿ ನೀಲಿಗಟ್ಟಿತ್ತು. "ಅಕ್ಕ ಇದ್ದಿದ್ರೆ ಇಷ್ಟು ಹೊತ್ತಿಗೆ ನನಗೆ ಎರಡನೇ ಲೋಟ ಕಾಫಿ ಆಗ್ತಿತ್ತು, ಭಾವ," ಎಂದಳು. ನಗುವ ಹಾಗೆ ಹೇಳಿದಳು, ಆದರೆ ಹಲ್ಲು ಕಟಕಟ ಎನ್ನುತ್ತಿತ್ತು.

ಹಿತ್ತಿಲಿಗೆ ಹೋಗಿ ಟಾರ್ಪಾಲು ಸರಿಸಿದೆ. ಒಂದು ಸೀಳನ್ನು ಎಳೆದೆ. ಅದು ಸದ್ದಿಲ್ಲದೆ ಕೈಗೆ ಬಂತು. ಬಹಳ ಹಗುರವಿತ್ತು. ಇನ್ನೊಂದು ಎಳೆದೆ, ಅದೂ ಹಾಗೆಯೇ. ಆಗ ಮೊದಲ ಬಾರಿಗೆ ಅದನ್ನು ಸೌದೆ ಎಂದು ನೋಡಿದೆ.

ಹಿಂದೆಲ್ಲ ಐಲಿ ತನ್ನ ತಲೆಯೆತ್ತರಕ್ಕೆ ಒಟ್ಟುತ್ತಿದ್ದಳು. ನನ್ನ ತೋಳು ಏಳದ್ದರಿಂದ ಮೇಲಿನದನ್ನು ತೆಗೆಯುವುದು ಅವಳ ಕೆಲಸ, ಕೆಳಗಿನದು ನನ್ನದು. ಮೇಪಲ್ ಮರವನ್ನು ದಪ್ಪದಪ್ಪ ಸೀಳುತ್ತಿದ್ದಳು, ಬಹಳ ಹೊತ್ತು ಉರಿಯಲೆಂದು. ಈ ಸಲದ್ದು ಸೊಂಟದೆತ್ತರ ದಾಟಿರಲಿಲ್ಲ. ಅಷ್ಟೂ ಸೌದೆಯನ್ನು ತಗ್ಗಾಗಿ, ಉದ್ದಕ್ಕೆ, ಅಡುಗೆಮನೆಯ ಬಾಗಿಲಿನಿಂದ ಬೇಲಿಯವರೆಗೆ ಎಳೆದಿದ್ದಳು. ಪ್ರತಿಯೊಂದು ಸೀಳೂ ಒಂದೇ ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಬಾಗಿಲ ಹತ್ತಿರದ ತುದಿಯಲ್ಲಿ ಹೊತ್ತಿಸಲಿಕ್ಕೆಂದು ಬರ್ಚ್ ಮರದ ತೊಗಟೆಯನ್ನು ಒಂದು ಡಬ್ಬಿಯಲ್ಲಿ ಸುರುಳಿ ಮಾಡಿ ಇಟ್ಟಿದ್ದಳು. ಬೇಸಿಗೆಯಲ್ಲಿ, ಯಾಕೆ ಇಷ್ಟು ತಗ್ಗು ಎಂದು ಕೇಳಿದ್ದೆ. ಬೆನ್ನು ನೋವು ಎಂದಿದ್ದಳು. ವೈದ್ಯರು ಅದಕ್ಕೂ ಮೊದಲೇ ಹೇಳಿದ್ದನ್ನು ಅವಳು ನನಗೆ ತಿಳಿಸಿದ್ದು ಹಬ್ಬ ಕಳೆದು ಎಷ್ಟೋ ದಿನಗಳ ಮೇಲೆ.

ಸಿಲ್ವಿ ಕಿಟಕಿಯ ಗಾಜು ಬಡಿದಳು.

ಒಲೆ ಒಂದೇ ಕಡ್ಡಿಗೆ ಹೊತ್ತಿತು. ಕೆಟಲ್ ಗೊಣಗಿತು. ಬ್ರೆಡ್ಡು ಕೊಯ್ದು ಪ್ರಾರ್ಥನೆ ಹೇಳಿದೆ. ಸಿಲ್ವಿ ಆಮೆನ್ ಎಂದಳು. ಅವಳ ಧ್ವನಿ ಅಕ್ಕನದರಂತಿಲ್ಲ. ಸಂಜೆಯ ಮುನ್ನ ಬಾಯ್ಲರಿನ ಹತ್ತಿರ ಹೋಗಿ, ಮನೆಯ ಕಡೆಯಿಂದ ನೀರು ಬರುವ ಪೈಪಿನ ಮೇಲೆ ಕೈಗವಸು ಕಳಚಿ ಅಂಗೈ ಇಟ್ಟೆ. ಉಗುರುಬೆಚ್ಚಗಿತ್ತು.

ಮಾರನೆಯ ದಿನ ಆರ್ವಿಡ್ ಬಂದು ಮಸಿಯನ್ನು ಉಳಿಯಿಂದ ಕಡಿದು ತೆಗೆದ. ಬೈದ, ಮೂರು ಲೋಟ ಕಾಫಿ ಕುಡಿದ, ಮತ್ತೆ ಬೈದ. ಆ ಮೇಲೆ ವಾರದ ದಿನಗಳಲ್ಲಿ ಬಾಯ್ಲರ್ ಗಾಳಿಬಾಯಿ ತೆರೆದು ಉರಿಯಿತು, ಭಾನುವಾರಗಳಲ್ಲಿ ಐಲಿಯ ಸೌದೆ. ಚಳಿ ಹೆಚ್ಚಾದ ಬೇರೆ ದಿನಗಳಲ್ಲೂ ಅದನ್ನೇ ಹಾಕಿದೆ. ಒಂದೊಂದು ತೆಕ್ಕೆ ತೆಗೆದಾಗಲೂ ಸಾಲು ಬಾಗಿಲಿನಿಂದ ದೂರ ಸರಿಯಿತು.

ಹಿಮ ಕರಗುವ ಹೊತ್ತಿಗೆ ಅದು ಮುಗಿಯಿತು. ಅದು ಇದ್ದ ಕಡೆ ಉದ್ದಕ್ಕೂ ಒಣನೆಲದ ಪಟ್ಟಿಯೊಂದು ಬಿಳಿಚಿಕೊಂಡು ಉಳಿದಿತ್ತು, ಮೇಲೆ ತೊಗಟೆಯ ಚೂರು. ಅದನ್ನು ಗುಡಿಸಲಿಲ್ಲ. ಬಿದ್ದ ಮೇಪಲ್ ಒಂದನ್ನು ಆರ್ವಿಡ್ ತುಂಡು ಮಾಡಿ ಕೊಟ್ಟ. ಬಲಗೈಯಿಂದಲೇ ಸೀಳುತ್ತೇನೆ, ನಿಧಾನ. ತುದಿಗಳು ಸಮ ಬರುವುದಿಲ್ಲ. ಸೊಂಟದೆತ್ತರಕ್ಕೆ ನಿಲ್ಲಿಸುತ್ತೇನೆ. ಹಬ್ಬದೊಳಗೆ ಆದೀತು, ದೇವರು ನಡೆಸಿದರೆ.